ಅಣ್ಣ ‘ಬಿಡು’ ಅಂದದ್ದು

ಗುರುವಾರ, ತಾರೀಖು ಹದಿನಾಲ್ಕು

ಪ್ರೀತಿಯ ಅತ್ತಿಗೆಗೆ ನಮಸ್ಕಾರಗಳು.

ಇವತ್ತು ನನಗೆ ಉಪವಾಸ. ಬೆಳಗ್ಗೆ ಎದ್ದು ಅಂಗಳ ಗುಡಿಸಿ, ನೀರು ತುಂಬಿ, ಮಲಗಿದಲ್ಲೇ ಇರುವ ಅತ್ತೆಯ ಮೈ ಒರೆಸಿ ಮಗ್ಗುಲು ಬದಲಿಸಿ, ದೇವರ ಮುಂದೆ ಕೂತೆ. ಕಣ್ಣು ಮುಚ್ಚಿದರೆ ದೇವರು ಕಾಣಲಿಲ್ಲ, ಗರಗಸ ಕಂಡಿತು. ಅರ್ಧಕ್ಕೇ ಎದ್ದು ಬಂದು ಈ ಕಾಗದ ಹಿಡಿದಿದ್ದೇನೆ. ನೀನು ತಂಗಿಯ ಮನೆ ಸೇರಿದ ಮೇಲೆ ನಾನು ಒಂದು ಸಾಲೂ ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡ. ನೀನು ಬರೆದು ಕೇಳಿದ್ದು ಒಂದೇ ಮಾತು: “ನಮ್ಮನೆಯವರು ಕೊನೆಗೆ ಏನಂದರು?” ಅದಕ್ಕೆ ಉತ್ತರ ಬರೆಯಲು ಕೈ ಬರಲಿಲ್ಲ. ಈಗ ಬರೆಯಲೇಬೇಕು. ಶನಿವಾರ ಪೊಲೀಸರು ಮತ್ತೆ ಬಾ ಎಂದಿದ್ದಾರೆ. ಅಷ್ಟರೊಳಗೆ ನನಗೂ ನಿನ್ನಿಂದ ಒಂದು ಮಾತು ಬೇಕು.

ಅಣ್ಣ ನನ್ನ ಒಡಹುಟ್ಟಿದವನಲ್ಲ, ಆದರೆ ಒಂದೇ ಗರಗಸದ ಈಚೆ ಅವನು, ಆಚೆ ನಾನು, ಇಪ್ಪತ್ತು ವರ್ಷ ನಿಂತೆವು. ಮೈತುಂಬ ಮರದ ಹೊಟ್ಟು ಮೆತ್ತಿಕೊಂಡಿರುತ್ತಿದ್ದರಿಂದ ಮಿಲ್ಲಿನವರು ಹೊಟ್ಟಣ್ಣ ಎಂದರು. ಹೊಸಬರು ಹೆಸರು ಕೇಳಿ ಗುಡಾಣದಂಥ ಹೊಟ್ಟೆಯವನನ್ನು ಹುಡುಕುತ್ತಿದ್ದರು, ಸಿಗುತ್ತಿದ್ದದ್ದು ಕಡ್ಡಿಯಂಥ ಆಳು. “ಹೊಟ್ಟೆ ಎಲ್ಲಪ್ಪಾ ನಿಂದು?” ಎಂದರೆ, “ಸಾಹುಕಾರ್ರ ಹತ್ರ ಇದೆ, ಹೋಗಿ ನೋಡು” ಅನ್ನುತ್ತಿದ್ದ. ನಾನು ಕೆಲಸಕ್ಕೆ ಮುಂಚೆ ಕೈ ಮುಗಿದು ನಿಂತರೆ, “ಬೇಡ್ಕೋ ತಂಗಿ, ನನ್ನ ಪಾಲಿಂದೂ ಬೇಡ್ಕೋ. ನಾನು ಅಷ್ಟರಲ್ಲಿ ಎಣ್ಣೆ ಹಾಕ್ತೀನಿ. ದೇವರಿಗೂ ಸ್ವಲ್ಪ ಕೆಲಸ ಕಮ್ಮಿ ಆಗ್ಲಿ” ಅನ್ನುವನು.

ನಿನಗೆ ಮಿಲ್ಲಿನ ಒಂದು ಮಾತು ಹೇಳಬೇಕು. ಆ ಸದ್ದಿನಲ್ಲಿ ಉದ್ದ ಮಾತು ಯಾರಿಗೂ ಕೇಳಿಸುವುದಿಲ್ಲ. ದಿಮ್ಮಿಯನ್ನು ನೇರ ಮಾಡಿ ಅಣ್ಣ “ಬಿಡು!” ಎಂದು ಕೂಗುತ್ತಿದ್ದ. ಬಿಡು ಅಂದರೆ ಹಿಡಿದ ಕೈ ಬಿಡುವುದಲ್ಲ, ಮರವನ್ನು ಗರಗಸದ ಹಲ್ಲಿಗೆ ಬಿಡುವುದು. ಗಟ್ಟಿಯಾಗಿ ಹಿಡಿದು ದೂಡುವುದು. ಇದು ತಿಳಿಯದ ಹೊಸಬನೊಬ್ಬ ಮೊದಲ ದಿನವೇ ಬಿಡು ಅಂದದ್ದಕ್ಕೆ ಕೈಬಿಟ್ಟ. ಹಲಗೆ ಹಿಂದಕ್ಕೆ ಹಾರಿ ಅವನ ದವಡೆ ಒಡೆಯಿತು. ಅಂದಿನಿಂದ ಯಾರೇ ಹೊಸಬರು ಬರಲಿ, ಅಣ್ಣ ಕಲಿಸುತ್ತಿದ್ದ ಮೊದಲ ಪಾಠ ಅದೇ.

ಜಗಳ ಹುಟ್ಟಿದ್ದು ಗರಗಸದ ಮೇಲಿನ ಕಬ್ಬಿಣದ ಮುಚ್ಚಳಕ್ಕೆ. ದಪ್ಪ ದಿಮ್ಮಿ ತೂರುವುದಿಲ್ಲವೆಂದು ಸಾಹುಕಾರ ಅದನ್ನು ಬಿಚ್ಚಿಸಿದ. ವಾರ ಕಳೆಯುವುದರೊಳಗೆ ಹೊಟ್ಟು ಗುಡಿಸುವವಳು ಕಾಲು ಜಾರಿದಳು. ಬಲಗೈ ಮಣಿಕಟ್ಟಿನವರೆಗೆ ಕತ್ತರಿಸಿ ಹೋಯಿತು. ಹೊಟ್ಟಿನ ರಾಶಿಯೊಳಗೆ ಹೂತಿದ್ದ ಆ ಕೈಯನ್ನು ಅಣ್ಣನೇ ಕೆದಕಿ ತೆಗೆದು ತನ್ನ ಟವೆಲಿನಲ್ಲಿ ಸುತ್ತಿದ. ಬೆರಳುಗಳು ಇನ್ನೂ ಪೊರಕೆ ಹಿಡಿದ ಹಾಗೇ ಮಡಿಸಿಕೊಂಡಿದ್ದವು. ಮರುದಿನ ಅವನು ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ ಅದರ ಮುಂದೆ ಕೂತ.

“ಹಲ್ಲಿಗೆ ಮುಚ್ಚಳ ಹಾಕಿದ್ರೆ ಗರಗಸ ಏನು ತಿನ್ನುತ್ತಯ್ಯಾ?” ಎಂದ ಸಾಹುಕಾರ.

“ಮರ ತಿನ್ಲಿ ಸಾಹುಕಾರ್ರೆ. ಮನುಷ್ಯರ ರುಚಿ ಹತ್ತಿಸ್ಬೇಡಿ.”

ಸಾಹುಕಾರ ನಗಲಿಲ್ಲ. ಮಿಲ್ಲು ನಿಂತೇ ಇತ್ತು. ಒಂದು ಬೆಳಗ್ಗೆ ಮುಖಕ್ಕೆ ಮುಸುಕು ಕಟ್ಟಿದ ನಾಲ್ಕೈದು ಜನ ರಾಡು ಹಿಡಿದು ನುಗ್ಗಿದರು. ನಮ್ಮವರು ಗೇಟಿನಾಚೆ ಓಡಿದರು. ನಾನು ಓಡಲಿಲ್ಲ. ಧೈರ್ಯಕ್ಕಲ್ಲ, ಅಣ್ಣ ಕೂತೇ ಇದ್ದ, ಅದಕ್ಕೆ.

“ಬೀಗ ತೆಗಿಯೋ ಮುದುಕ!”

“ತೆಗಿತೀನಿ. ಮೊದ್ಲು ನಿನ್ನ ಕೈ ಆ ಹಲ್ಲಿನ ಹತ್ರ ಇಡು, ನೋಡೋಣ.”

ಮೊದಲ ಏಟು ಮೊಣಕಾಲಿಗೆ ಬಿತ್ತು. ಹಸಿ ಕೊಂಬೆ ಮುರಿದ ಸದ್ದು. ಎರಡನೆಯದು ಬಾಯಿಗೆ. ಅವನು ಹಲ್ಲು ಉಗುಳಿ, “ಮುಚ್ಚಳ ಹಾಕ್ಸಿ” ಎಂದ. ಹಾರೆಯಿಂದ ಪೆಟ್ಟಿಗೆ ಒಡೆದು ಗರಗಸ ಚಾಲೂ ಮಾಡಿದರು. ಬಾಯಿಗೆ ಮರವಿಲ್ಲದೆ ಅದು ಕಿರುಚಿಕೊಳ್ಳುತ್ತಿತ್ತು. ಒಬ್ಬ ನನ್ನನ್ನು ಗೋಡೆಗೆ ತಳ್ಳಿ, “ಭಜನೆ ಮಾಡ್ಕೊಂಡು ಮನೇಲಿರೋಕೆ ಏನು ರೋಗ ನಿಂಗೆ?” ಎಂದ. ಕೈಗೆ ಸಿಕ್ಕಿದ ಮರದ ಪಟ್ಟಿಯಿಂದ ಅವನ ಕಿವಿಗೆ ಬಾರಿಸಿದೆ. ಕಿವಿ ಹರಿದು ಜೋತುಬಿತ್ತು. ಅಷ್ಟರಲ್ಲಿ ಇನ್ನೊಬ್ಬ, ತೆಳ್ಳಗೆ ಉದ್ದಕ್ಕಿದ್ದವನು, ಎರಡೂ ಕೈಯಲ್ಲಿ ರಾಡೆತ್ತಿ ಅಣ್ಣನ ತಲೆಗೆ ಹೊಡೆದ. ಬಿದ್ದ ಮೇಲೂ ಹೊಡೆದ.

ನಾನು ಹಿಂದಿನಿಂದ ಅವನ ಜುಟ್ಟು ಹಿಡಿದು, ಕತ್ತು ತಿರುಚಿ, ಗರಗಸದ ಮೇಜಿನ ಮೇಲೆ ಮಲಗಿಸಿದೆ. ದಿಮ್ಮಿ ದೂಡಿದ ಕೈ ಇದು, ಅತ್ತಿಗೆ, ಅವನಿಗೆ ಮಿಸುಕಲು ಆಗಲಿಲ್ಲ. ಹಲ್ಲಿಗೂ ಅವನ ಮೂಗಿಗೂ ಒಂದು ಗೇಣು. ದೇವರಾಣೆಗೂ ಹೇಳುತ್ತೇನೆ, ದೂಡಬೇಕೆಂದೇ ಇದ್ದೆ. ಬಾಯಲ್ಲಿ ದೇವರ ನಾಮ ಇರಲಿಲ್ಲ, ತೂ ಎಂಬ ಉಗುಳು ಇತ್ತು.

ಆಗ ಅಣ್ಣ ನೆಲದ ಮೇಲಿಂದ ನಮ್ಮ ಕಡೆ ತಿರುಗಿದ. ಒಂದು ಕಣ್ಣು ರಕ್ತದಲ್ಲಿ ಮುಚ್ಚಿತ್ತು. ತುಟಿ ಏನೋ ಅಂದಿತು, ಗರಗಸದ ಸದ್ದು ಅದನ್ನು ನುಂಗಿತು. ನನಗೆ ಕೇಳಿಸಿದ್ದು ಕೊನೆಯದೊಂದೇ: “ಬಿಡು.”

ನಾನು ಕೈಬಿಟ್ಟೆ. ಇಪ್ಪತ್ತು ವರ್ಷದಲ್ಲಿ ಆ ಮಾತಿಗೆ ಕೈಬಿಟ್ಟದ್ದು ಅದೇ ಮೊದಲು. ಅವನು ಓಡಿದ, ಉಳಿದವರೂ ಓಡಿದರು. ಅಣ್ಣನ ತಲೆಯನ್ನು ತೊಡೆಗೆ ಹಾಕಿಕೊಂಡೆ. ಸೀರೆಯ ಸೆರಗು ತುರುಕಿದರೂ ರಕ್ತ ನಿಲ್ಲಲಿಲ್ಲ. ಗಾಡಿ ಬರುವಷ್ಟರಲ್ಲಿ ಉಸಿರು ನಿಂತಿತ್ತು. ಕೆಳಗಿನ ಹೊಟ್ಟು ಎಲ್ಲವನ್ನೂ ಹೀರಿಕೊಂಡಿತು, ನೆಲದಲ್ಲಿ ಕಲೆ ಕೂಡ ಉಳಿಯಲಿಲ್ಲ. ಸಾಹುಕಾರ ಆ ಹೊಟ್ಟನ್ನು ಮರುದಿನವೇ ಒಲೆ ಉರಿಸುವವರಿಗೆ ತುಂಬಿ ಕಳಿಸಿದ. ಅವನ ಮನೆ ಹಾಳಾಗ!

ಈಗ ನಾನು ಕೇಳುವುದು ಇಷ್ಟೆ. ನೀನು ಅವನ ಜೊತೆ ಬಾಳಿದವಳು. ಮನೆಯಲ್ಲಿ ಅವನು “ಹೋಗ್ಲಿ ಬಿಡು” ಅನ್ನುವವನಾಗಿದ್ದನೇ? ಅವನ ತುಟಿ ಮೊದಲು ಅಂದದ್ದು “ಹೋಗ್ಲಿ” ಎಂದೇ? ಇಲ್ಲವೇ ಸಿಟ್ಟು ಬಂದಾಗ ಮಿಲ್ಲಿನ ಆ “ಬಿಡು” ಎಂಬ ಮಾತೇ ಅವನ ಬಾಯಿಗೆ ಬರುತ್ತಿತ್ತೇ? ಚೆನ್ನಾಗಿ ಯೋಚಿಸಿ ಬರೆ. ನನ್ನ ಸಮಾಧಾನಕ್ಕೆ ಸುಳ್ಳು ಬರೆಯಬೇಡ.

ಹೊತ್ತಿಗೆ ಸರಿಯಾಗಿ ಎರಡು ತುತ್ತು ತಿನ್ನು. ದೇವರು ನಿನ್ನ ಮಕ್ಕಳನ್ನು ತಣ್ಣಗಿಟ್ಟಿರಲಿ, ನಿನಗೆ ಕಣ್ತುಂಬ ನಿದ್ದೆ ಕೊಡಲಿ.

ನಿನ್ನ ನಾದಿನಿ,
ಗರಗಸದ ಆಚೆಕಡೆಯವಳು

ಮರೆತಿಲ್ಲ, ಬೇಕೆಂದೇ ಕೊನೆಗೆ ಇಟ್ಟದ್ದು: ಪೊಲೀಸರಿಗೆ ನಾನು ಯಾರ ಮುಖವನ್ನೂ ನೋಡಿಲ್ಲ ಎಂದಿದ್ದೆ. ನೋಡಿದ್ದೇನೆ. ನಾನು ಮೇಜಿಗೆ ಬಗ್ಗಿಸಿ ಹಿಡಿದಿದ್ದವನ ಮುಸುಕಿನ ತುದಿಯನ್ನು ಗರಗಸ ಕಚ್ಚಿ ಎಳೆದುಕೊಂಡಿತು. ಕೆಳಗಿದ್ದದ್ದು ನನ್ನ ಮಗ. “ಅಮ್ಮಾ” ಎಂದ. ಚಿಕ್ಕವನಿದ್ದಾಗ ಅಣ್ಣನ ಹೆಗಲೇರಿ ಮಿಲ್ಲಿಗೆ ಬರುತ್ತಿದ್ದವನು, ಹೊಟ್ಟುಮಾವ ಎಂದು ಕರೆಯುತ್ತಿದ್ದವನು. ಸಾಹುಕಾರನ ಬೆನ್ನ ಹಿಂದೆ ಯಾವಾಗ ಸೇರಿದನೋ ನಾ ಕಾಣೆ. ಅಣ್ಣ ಆ ಮುಖ ನೋಡಿ ಬಿಡು ಅಂದನೋ, ನೋಡದೆ ಅಂದನೋ, ನನಗೆ ತಿಳಿಯದು. ನಿನ್ನೆ ಮಗ ಮನೆಗೆ ಬಂದು, “ಊಟಕ್ಕೆ ಹಾಕಮ್ಮ. ಠಾಣೆಲಿ ಏನೂ ನೋಡಿಲ್ಲ ಅಂತಲೇ ಹೇಳು” ಎಂದ. ಹಾಕಿದೆ. ಅವನಿಗೆ ಬಡಿಸಿದ ಆ ಕೈಯಿಂದ ನಾನು ಉಣ್ಣಲಾರದೆ ಇವತ್ತಿನ ಉಪವಾಸ.

ನೀನು ಏನೇ ಬರೆ, ಶನಿವಾರ ಅವನ ಹೆಸರು ಹೇಳುತ್ತೇನೆ. ಅಣ್ಣ ಹೋಗ್ಲಿ ಬಿಡು ಅಂದಿದ್ದರೆ, ಅವನ ಮಾತು ಮೀರಿದ ಪಾಪ ನನ್ನ ತಲೆಗಿರಲಿ. ಹಲ್ಲಿಗೆ ಬಿಡು ಅಂದಿದ್ದರೆ, ತಡವಾಗಿಯಾದರೂ ಬಿಟ್ಟೆ ಎಂದು ತಿಳಿದುಕೋ.

ಈ ಕಾಗದ ತಂದವಳು ಆ ಹೊಟ್ಟು ಗುಡಿಸುವವಳೇ. ಉತ್ತರ ಒಯ್ಯಲು ನಾಳೆ ಸಂಜೆಗೂ ಅವಳೇ ಬರುತ್ತಾಳೆ. ಎಡಗೈ ಚಾಚಿದಳೆಂದು ಬೇಸರ ಮಾಡಿಕೊಳ್ಳದೆ ಅವಳಿಗೇ ಕೊಡು. “ಅತ್ತೆ, ಅಮ್ಮ ಕಳಿಸಿದ್ಲು” ಎಂದು ನನ್ನ ಮಗ ಬಂದು ನಿಂತರೆ ಬಾಗಿಲು ತೆಗೆಯಬೇಡ.