ಗೋಡೆಯ ಗ್ರಾಫಿನ ಪೆನ್ಸಿಲ್ ಚುಕ್ಕಿ

ರೀ,

ಇವತ್ತು ನಿಮ್ಮ ಚುಕ್ಕಿಯ ಪರೀಕ್ಷೆ ಮುಗಿಯಿತು. ನೀರಿಗೆ ಆಲ್ಕೋಹಾಲ್ ಬೆರೆಸಿದರೆ ಅದರಲ್ಲಿ ಎಷ್ಟು ಅನಿಲ ಕರಗೀತು ಎಂದು ಲೆಕ್ಕ ಹಾಕಿ, ಆಸ್ಪತ್ರೆಗೆ ಸೇರುವ ಹಿಂದಿನ ದಿನ ನಮ್ಮ ಲ್ಯಾಬಿನ ಗೋಡೆಯ ಗ್ರಾಫಿನಲ್ಲಿ ಇಟ್ಟಿರಲ್ಲ, ಅದೇ ಚುಕ್ಕಿ. ಬರೀ ನೀರಿನಲ್ಲಿ ಕರಗುವುದು, ಬರೀ ಆಲ್ಕೋಹಾಲಿನಲ್ಲಿ ಕರಗುವುದು, ಈ ಎರಡರ ಸರಾಸರಿ ತೆಗೆದರೆ ಸಾಕು ಎಂದಿದ್ದೆ ನಾನು.

"ಸರಾಸರಿ ತೆಗೆಯೋಕೆ ಅದೇನು ಮಾರ್ಕ್ಸಾ? ಸೇರಿದ ಮೇಲೆ ನೀರು, ಆಲ್ಕೋಹಾಲ್ ಎರಡೂ ಒಂದನ್ನೊಂದು ಎಷ್ಟು ಹಿಡ್ಕೊಳ್ತವೆ ಅನ್ನೋದೂ ಲೆಕ್ಕಕ್ಕೆ ಬರಬೇಕು ಕಣೇ" ಎಂದು ನಕ್ಕಿದ್ದಿರಿ.

ನೀವು ಹೋದ ಮೇಲೆ ಅಳೆಯುವುದನ್ನು ಮುಂದೂಡುತ್ತಲೇ ಬಂದೆ. ಅಳೆಯುವವರೆಗೂ ನಮ್ಮ ಜಗಳ ಮುಗಿಯುವುದಿಲ್ಲವಲ್ಲ.

ಮೊದಲ ಅಳತೆ ಚುಕ್ಕಿಗಿಂತ ಕೆಳಗೆ ಬಂತು. ಮಾಡಿದ್ದನ್ನೆಲ್ಲ ಮೊದಲಿಂದ ಮತ್ತೆ ನೋಡಿದೆ. ಆಮೇಲೆ ಹೊಳೆಯಿತು, ದ್ರವದಲ್ಲಿ ಮೊದಲೇ ಕರಗಿದ್ದ ಗಾಳಿಯನ್ನು ನಾನು ಪೂರ್ತಿ ತೆಗೆದಿರಲಿಲ್ಲ. ನೀವಿದ್ದಿದ್ದರೆ "ಆತುರಗಾರನಿಗೆ ಬುದ್ಧಿ ಮಟ್ಟ" ಅನ್ನುತ್ತಿದ್ದಿರಿ. ಗಾಳಿ ತೆಗೆದು ಮತ್ತೆ ಅಳೆದೆ. ಈ ಸಲ ಅಳತೆ ಬಂದು ನಿಮ್ಮ ಚುಕ್ಕಿಯ ಮೇಲೆಯೇ ಕೂತಿತು.

ಗೆದ್ದವರೇ ತಮ್ಮ ಚುಕ್ಕಿಗೆ ಇಂಕು ಹಾಕಬೇಕೆಂಬುದು ನಮ್ಮಿಬ್ಬರ ನಿಯಮ. ಪಕ್ಕದ ಟೇಬಲಿನ ಮೇಡಂಗೆ ಅದು ಗೊತ್ತಿಲ್ಲ. ಪೆನ್ನು ಹಿಡಿದು ಬಂದು, "ಇಂಕು ಹಾಕಿಬಿಡ್ಲಾ? ಪೆನ್ಸಿಲ್ ಅಳಿಸಿ ಹೋಗುತ್ತೆ" ಅಂದರು.

"ಬೇಡ, ಇರ್ಲಿ" ಅಂದೆ. "ಅದನ್ನ ನಮ್ಮನೆಯವರೇ ಹಾಕಬೇಕು."