ಎಡಗಡೆಯ ನಾಳ

ಫೆಬ್ರವರಿ 3, ಮಧ್ಯಾಹ್ನ
ಬೆಳಗಿನಿಂದ ಹದಿನಾಲ್ಕು ಹೊಟ್ಟೆ ಸ್ಕ್ಯಾನ್ ಮಾಡಿದ್ದಾಯಿತು. ಜೆಲ್ ಮುಗಿದಿದೆ, ಮಣಿಕಟ್ಟು ನೋಯುತ್ತಿದೆ. ನಡುವೆ ಅಕ್ಕನ ಫೋನ್. “ನಿನ್ ಭಾವನ ಕಣ್ಣು ಹಳದಿಯಾಗಿದೆ ಕಣೇ. ಮೈಯೆಲ್ಲ ತುರಿಕೆ ಬೇರೆ. ಕರ್ಕೊಂಡ್ ಬರ್ಲಾ?” ಕಾಮಾಲೆಯಿರಬೇಕು, ಬಾ ಎಂದೆ.

ಫೆಬ್ರವರಿ 4
ಭಾವ ಮಲಗುತ್ತಲೇ ಶುರು— “ಡಾಕ್ಟ್ರಮ್ಮ, ಟೈಲರ್ ಹೊಟ್ಟೇಲಿ ದಾರದುಂಡೆ ಸಿಕ್ರೆ ವಾಪಸ್ ಕೊಟ್ಬಿಡಿ.” ನರ್ಸ್ ನಕ್ಕಳು. ನಾನೂ ನಕ್ಕೆ, ಪರದೆ ನೋಡುವ ತನಕ. ಲಿವರ್ ಒಳಗಿನ ಪಿತ್ತನಾಳಗಳೆಲ್ಲ ಊದಿಕೊಂಡಿವೆ. ಅವು ಕೂಡುವ ಕಡೆ ಏನೋ ಅಡ್ಡ ನಿಂತಿದೆ. ಕಲ್ಲಾಗಿದ್ದರೆ ಹಿಂದೆ ನೆರಳು ಬೀಳಬೇಕಿತ್ತು. ಬಿದ್ದಿಲ್ಲ. ಅಕ್ಕನಿಗೆ “ಸಿಟಿ ಸ್ಕ್ಯಾನ್ ಮಾಡಿಸೋಣ” ಎಂದಷ್ಟೇ ಹೇಳಿದೆ.

ಫೆಬ್ರವರಿ 9
ಸಿಟಿ, ಎಂಆರ್‌ಐ ಎರಡೂ ಆದವು. ವರದಿ ನಾನು ಬರೆಯಲಿಲ್ಲ, ಸಹೋದ್ಯೋಗಿಗೆ ಕೊಟ್ಟೆ. ಪಿತ್ತನಾಳದ ಕ್ಯಾನ್ಸರ್. ಲಿವರ್‌ಗೆ ಹೋಗುವ ದೊಡ್ಡ ರಕ್ತನಾಳವನ್ನೇ ಸುತ್ತಿಕೊಂಡಿದೆ, ಎರಡೂ ಕವಲು ಸೇರಿ. ಸರ್ಜನ್ ಕನ್ನಡಕ ತೆಗೆದರು. “ಕೈ ಹಾಕೋಕೆ ಜಾಗ ಇಲ್ಲ.” ನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿ ಪಿತ್ತ ಇಳಿಸಬಹುದು, ಆಮೇಲೆ ಕೀಮೋ... ಇನ್ನೆಷ್ಟು ವರ್ಷ ಎಂಬ ಮಾತು ಯಾರೂ ಆಡಲಿಲ್ಲ.

ಫೆಬ್ರವರಿ 10
ಹೋದ ಜೂನ್‌ನಲ್ಲಿ ಭಾವ ಅಜೀರ್ಣ ಎಂದು ಬಂದಿದ್ದರು. ಸ್ಕ್ಯಾನ್ ಮಾಡಿದ್ದು ನಾನೇ, ಊಟಕ್ಕೆ ಹೋಗುವ ಆತುರದಲ್ಲಿ. “ಏನೂ ಇಲ್ಲ, ಖಾರ ಕಮ್ಮಿ ಮಾಡಿ” ಎಂದು ಕಳಿಸಿದ್ದೆ. ಇವತ್ತು ಆ ಚಿತ್ರಗಳನ್ನು ತೆಗೆದೆ. ಎಡಗಡೆಯ ನಾಳ ನಾಲ್ಕು ಮಿಲಿಮೀಟರ್. ಎರಡನ್ನು ದಾಟಬಾರದು. ಬರೆದದ್ದು— ನಾರ್ಮಲ್. ಕೆಳಗೆ ನನ್ನ ಸಹಿ.

ಫೆಬ್ರವರಿ 22
ಸ್ಟೆಂಟ್ ಹಾಕಿದ್ದಾರೆ. ಹಳದಿ ಸ್ವಲ್ಪ ಇಳಿದಿದೆ. ಅಕ್ಕ ಔಷಧಿ ತರಲು ಹೋದಾಗ ಭಾವನಿಗೆ ಎಲ್ಲ ಹೇಳಿದೆ.
“ಆಗ್ಲೇ ಗೊತ್ತಾಗಿದ್ರೆ?”
“ಆಪರೇಷನ್ ಮಾಡ್ಬಹುದಿತ್ತೇನೋ.”
ಹೊದಿಕೆಯ ಅಂಚಿನಲ್ಲಿ ಬಿಟ್ಟಿದ್ದ ಹೊಲಿಗೆಯನ್ನು ಬೆರಳಿಂದ ಒತ್ತಿದರು. “ನಿಮ್ಮಕ್ಕಂಗೆ ಹೇಳ್ಬೇಡ. ನಾನು ಹೋದ್ಮೇಲೆ ಅವ್ಳಿಗೆ ಇರೋದು ನೀನೊಬ್ಳೇ.”
ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಮೇ 17
ಭಾವ ಹೋಗಿ ಒಂಬತ್ತು ದಿನ. ಸ್ಟೆಂಟ್ ಕಟ್ಟಿಕೊಂಡು ಜ್ವರ ಬಂತು, ನಂಜೇರಿತು, ಎರಡೇ ದಿನ.
ಅವರೇ ಹೊಲಿದುಕೊಂಡಿದ್ದ ಅಂಗಿಗಳನ್ನು ಅಕ್ಕ ಮಡಚುತ್ತಿದ್ದಳು. “ಜೂನ್‌ನಲ್ಲಿ ನೀನ್ ನೋಡ್ದಾಗ ಏನೂ ಇರ್ಲಿಲ್ಲ ಅಲ್ವೇನೇ? ಅದೊಂದೇ ಸಮಾಧಾನ ನಂಗೆ.”
ಹೂಂ ಅಂದಿದ್ದರೆ ಮುಗಿಯುತ್ತಿತ್ತು.
“ಇತ್ತು ಅಕ್ಕಾ. ನಾನು ಗಮನಿಸ್ಲಿಲ್ಲ.”
ಅಂಗಿಯ ಒಂದು ತೋಳು ನೇರ ಮಾಡಿದಳು. ಇನ್ನೊಂದನ್ನೂ. “ಅವ್ರಿಗೆ ಗೊತ್ತಿತ್ತಾ?”
“ಗೊತ್ತಿತ್ತು.”
“ನೀನೀಗ ಹೊರಡು.”

ಜೂನ್ 8, ಸಂಜೆ
ಇಷ್ಟು ದಿನ ಅಕ್ಕ ಫೋನ್ ಎತ್ತಿರಲಿಲ್ಲ. ಇವತ್ತು ಸ್ಕ್ಯಾನ್ ಕೋಣೆಯ ಹೊರಗೆ, ಬೆಂಚಿನ ಮೇಲೆ, ರೋಗಿಗಳ ನಡುವೆ ಕೂತಿದ್ದಳು. ಒಳಗೆ ಬಂದು “ತೋರ್ಸು” ಎಂದಳು. ಹೋದ ವರ್ಷದ ಜೂನ್‌ನ ಚಿತ್ರ ತೆರೆದು ಬೆರಳಿಟ್ಟೆ. ಮುಖವನ್ನು ಪರದೆಯ ಹತ್ತಿರಕ್ಕೆ ತಂದಳು.
“ಈ ಕಪ್ಪು ಗೆರೆನಾ?”
“ಹೂಂ.”
ಇಷ್ಟು ಸಣ್ಣದು ಯಾರಿಗೆ ಕಾಣುತ್ತೆ ಬಿಡು... ಅನ್ನುತ್ತಾಳೇನೋ ಎಂದು ಕಾದೆ.
“ನಂಗೇ ಕಾಣ್ತಾ ಇದೆಯಲ್ಲೇ” ಎಂದಳು. ಆಮೇಲೆ ಸೆರಗಿನಿಂದ ಪರದೆ ಒರೆಸಿ, ಮತ್ತೊಂದು ಸಲ ನೋಡಿ, ನನ್ನ ಕಡೆ ತಿರುಗಿ, “ಹೊರಗೆ ಜನ ಕಾಯ್ತಾ ಇದ್ದಾರೆ, ಅವ್ರನ್ನಾದ್ರೂ ಸರಿಯಾಗಿ ನೋಡು” ಎಂದಳು.