ಪಂಚನಾಮೆಗೆ ಹಾಕಿದ ಸಹಿ

ಬ್ಯಾಡಗಿ
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ತಮ್ಮ ಪುಂಡಲೀಕನಿಗೆ ಅಕ್ಕನ ಆಶೀರ್ವಾದ.

ಕಲಬುರಗಿಯ ಬಿಸಿಲು ಮೈಗೆ ಹಿಡಿಸಿತೇ? ಪಿಎಸ್‌ಐ ತರಬೇತಿಯಲ್ಲಿ ನಸುಕಿನಲ್ಲೇ ಎಬ್ಬಿಸಿ ಓಡಿಸುತ್ತಾರಂತೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೋ, ಪೊಲೀಸನೆಂದು ನಾಚಬೇಡ. ಇಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಆರಾಮ. ನನಗೆ ಕೋರ್ಟಿನಿಂದ ಸಮನ್ಸು ಬಂದಿದೆ. ಸೋಮವಾರ ಬಿಸ್ಮಿಲ್ಲಾಬಿಯ ಕಳವಿನ ಕೇಸಿನಲ್ಲಿ ನನ್ನ ಸಾಕ್ಷಿ. ಫೋನಿನಲ್ಲಿ ಈ ಮಾತು ಆಡಲು ಹೆದರಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದಿನ ಆ ದಿನ ನಿನಗೂ ನೆನಪಿರಬೇಕು. ನೀನು ಆಗ ಠಾಣೆಗೆ ಹೊಸದಾಗಿ ಬಂದ ಕಾನ್‌ಸ್ಟೇಬಲ್. ಮೋಡ ಕವಿದಿತ್ತೆಂದು ನಾನು ಮಾಳಿಗೆಯ ಮೇಲೆ ಹರವಿದ ಮೆಣಸಿನಕಾಯಿಯನ್ನು ಅವಸರದಲ್ಲಿ ಚೀಲಕ್ಕೆ ತುಂಬುತ್ತಿದ್ದೆ. ನೀನು ಕಾಗದ ಹಿಡಿದು ಬಂದೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಬಿಸ್ಮಿಲ್ಲಾಬಿ ಸಾಹುಕಾರರ ಮನೆಯ ಸರ ಕದ್ದಿದ್ದಾಳೆ, ಅದು ಅವಳ ಜೋಳದ ಗಡಿಗೆಯಲ್ಲಿ ಸಿಕ್ಕಿದೆ, ಪಂಚನಾಮೆಗೆ ಸಾಕ್ಷಿಯಾಗಿ ಒಬ್ಬ ಹೆಣ್ಣುಮಗಳು ಬೇಕು ಎಂದೆ. "ನೀ ಅಲ್ಲೀಮಟ ಬರೂದ ಬ್ಯಾಡಕ್ಕಾ, ಇಲ್ಲೇ ಒಂದ್ ಸಹಿ ಮಾಡು" ಎಂದೆ. ಲಗ್ನದ ಕೊಡುಕೊಳ್ಳುವಿಕೆಯ ಯಾದಿ ಬರೆದಾಗ ಬಂದ ಬೀಗರೆಲ್ಲ ಕಣ್ಣು ಹಾಯಿಸದೆ ಸಹಿ ಹಾಕುವುದಿಲ್ಲವೇ, ನಾನೂ ಹಾಗೆಯೇ ಹಾಕಿದೆ. ಗಡಿಗೆಯನ್ನೂ ನೋಡಲಿಲ್ಲ, ಸರವನ್ನೂ ನೋಡಲಿಲ್ಲ. ಕಾಗದದಲ್ಲಿ ಮಾತ್ರ ಸರವನ್ನು ನನ್ನ ಸಮಕ್ಷಮ ತೆಗೆದರೆಂದು ಇದೆಯಂತೆ.

ನೀನು ಪರೀಕ್ಷೆಗೆ ಓದುವಾಗ ಗೈಡು ಹಿಡಿದು ಪ್ರಶ್ನೆ ಕೇಳುತ್ತಿದ್ದವಳು ನಾನೇ. ಅಪರಾಧ ಸಾಬೀತು ಮಾಡುವ ಹೊಣೆ ಆಪಾದನೆ ಹೊರಿಸಿದವರದು, ಆರೋಪಿಯದಲ್ಲ ಎಂದು ನೀನು ಗಿಳಿಯಂತೆ ಒಪ್ಪಿಸುತ್ತಿದ್ದೆ. ಶಿಕ್ಷೆ ಯಾಕೆ ಕೊಡುತ್ತಾರೆ ಎಂದರೆ ಸೇಡಿಗೆ, ಹೆದರಿಸಲಿಕ್ಕೆ ಎಂದು ನಿಂತುಬಿಡುತ್ತಿದ್ದೆ. ತಿದ್ದಲಿಕ್ಕೆ ಎಂಬುದು ಪ್ರತಿ ಸಲ ಮರೆತುಹೋಗುತ್ತಿತ್ತು, ನಾನು ತಲೆಗೆ ಮೊಟಕುತ್ತಿದ್ದೆ. ನೂರು ಅಪರಾಧಿಗಳು ತಪ್ಪಿಸಿಕೊಂಡರೂ ಒಬ್ಬ ನಿರಪರಾಧಿಗೆ ಶಿಕ್ಷೆಯಾಗಬಾರದು ಎಂಬುದು ನಿನಗಿಂತ ಮೊದಲು ನನಗೆ ಬಾಯಿಪಾಠವಾಗಿತ್ತು. ಆಗ ಅದು ಒಂದು ಅಂಕದ ಪ್ರಶ್ನೆ. ಈಗ ಬಿಸ್ಮಿಲ್ಲಾಬಿ ಜಾಮೀನಿನ ಮೇಲೆ ಹೊರಗಿದ್ದು ನಮ್ಮ ಓಣಿಯಲ್ಲೇ ಓಡಾಡುತ್ತಾಳೆ. ಕೋರ್ಟು ಇನ್ನೂ ಏನೂ ಹೇಳಿಲ್ಲ, ಊರು ಮಾತ್ರ ಕಳ್ಳಿ ಎಂದು ತೀರ್ಮಾನಿಸಿಯಾಗಿದೆ. ತೊಟ್ಟು ಬಿಡಿಸಲು ಅವಳನ್ನು ಯಾರೂ ಕರೆಯುವುದಿಲ್ಲ.

ಮೊನ್ನೆ ನಳದ ಹತ್ತಿರ ಸಿಕ್ಕಳು. "ಅಕ್ಕಾರ, ಅವತ್ತ ನೀವು ನಮ್ಮನಿಗೆ ಬಂದಿದ್ದಿಲ್ಲಲ್ರಿ?" ಎಂದು ಕೇಳಿದಳು, ಅಷ್ಟೇ. ನಾನು ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ಬಂದುಬಿಟ್ಟೆ. ಅವಳು ಕದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಿನ್ನ ಮಾತನ್ನು ನಂಬಿದ್ದೇನೆ. ಆದರೆ ನಂಬಿದ್ದನ್ನು ಕಣ್ಣಾರೆ ಕಂಡೆ ಎಂದು ಹೇಗೆ ಹೇಳಲಿ? ಠಾಣೆಯಿಂದ ಬಂದವನೊಬ್ಬ, "ಕಾಗದದಾಗ ಇದ್ದಂಗ ಹೇಳ್ರಿ, ತಿರುಗಿಬಿದ್ರ ನಿಮ್ಮ ಮ್ಯಾಲ ಕೇಸ್ ಆಗತೈತಿ" ಎಂದು ಹೇಳಿ ಹೋದ. ಅಂದಿನಿಂದ ಬಾಗಿಲು ಸಪ್ಪಳವಾದರೆ ಕಿಟಕಿಯಿಂದ ಇಣುಕಿ ನೋಡಿಯೇ ತೆಗೆಯುತ್ತೇನೆ. ಶನಿವಾರ ಕದರಮಂಡಲಗಿಗೆ ಹೋಗಿ ಆಂಜನೇಯನ ಮುಂದೆ ನಿಂತೆ, ಏನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ನಿಜ ಹೇಳಿದರೆ ನಿನ್ನ ನೌಕರಿ, ಸುಳ್ಳು ಹೇಳಿದರೆ ಅವಳ ಬದುಕು. ಅಕ್ಷರ ಸೊಟ್ಟಗಾಗಿವೆ, ಕೂಡಿಸಿಕೊಂಡು ಓದು.

ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮ ಮಾವ ನಿನ್ನನ್ನು ಕೇಳಿದ್ದಾರೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಶ್ರೀದೇವಿ

ತಾ.ಕ.: ಕಲಬುರಗಿಗೆ ಹೊರಟ ಕೊಟ್ರಪ್ಪ ಕಾಕಾ ಬಾಗಿಲಲ್ಲೇ ನಿಂತಿದ್ದಾರೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಸೋಮವಾರ ನಾನು ಏನೂ ನೋಡಿಲ್ಲ ಎಂದೇ ಹೇಳುತ್ತೇನೆ. ಇದು ಧೈರ್ಯ ಅಂದುಕೊಳ್ಳಬೇಡ, ಸುಳ್ಳು ಹೇಳಲು ನನಗೆ ಧೈರ್ಯ ಸಾಲದು. ಸಹಿ ಯಾರು ಹಾಕಿಸಿದರು ಎಂದು ಕೇಳೇ ಕೇಳುತ್ತಾರೆ. ಇದು ಕೈಸೇರಿದ ಮೇಲೆ ನಿನಗೆ ಮೂರು ದಿನ ಇರುತ್ತದೆ. ಅಷ್ಟರಲ್ಲಿ ನಿಮ್ಮ ಸಾಹೇಬರ ಮುಂದೆ ನೀನೇ ಹೋಗಿ ಹೇಳಿಬಿಡು. ನಿನ್ನ ಹೆಸರನ್ನು ಮೊದಲು ನನ್ನ ಬಾಯಿಂದ ಹೊರಡಿಸಬೇಡ, ತಮ್ಮಾ.